ಗುರುವಾರಕ್ಕೆ ಸೊಪ್ಪು ಕೊಳೆಯುತ್ತೆ, ತಿಂಗಳಿಗೆ ದುಡ್ಡು ಕರಗುತ್ತೆ: ಏನು ಮಾಡಲಿ?

ಪ್ರಶ್ನೆ: ನಾವು ಇರೋದು ಬೆಂಗಳೂರಿನಲ್ಲಿ. ಮನೆಯಲ್ಲಿ ನಾಲ್ಕು ಜನ ದೊಡ್ಡವರು, ಒಂದು ಮಗು. ನಾನು, ನಮ್ಮ ಯಜಮಾನರು ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಹಾಗಾಗಿ ಭಾನುವಾರ ಒಂದೇ ಸಲ ವಾರಕ್ಕಾಗುವಷ್ಟು ತರಕಾರಿ ತಂದು ಫ್ರಿಜ್ ತುಂಬುತ್ತೇವೆ. ಗುರುವಾರದ ಹೊತ್ತಿಗೆ ಸೊಪ್ಪು ಹಳದಿ, ಕೊತ್ತಂಬರಿ ಲೋಳೆ, ಸೌತೆಕಾಯಿ ಮೆತ್ತಗೆ. ಅದನ್ನೆಲ್ಲ ಬಿಸಾಕಿ ಮತ್ತೆ ಮೊಬೈಲಿನಲ್ಲಿ ತರಿಸುತ್ತೇವೆ. ದಿನಸಿ, ತರಕಾರಿ ಸೇರಿ ಖರ್ಚು ಕೈ ಮೀರುತ್ತಿದೆ. ಅತ್ತೆಯವರು "ಅವತ್ತಿನದು ಅವತ್ತೇ ತರಬೇಕು, ಫ್ರಿಜ್ಜೇ ದಂಡ" ಅಂತಾರೆ. ಸಗಟು ಮಾರುಕಟ್ಟೆಗೆ ಹೋದರೆ ನಿಜವಾಗಿ ಉಳಿಯುತ್ತಾ? ಬೇರೆ ದಾರಿ ಏನಾದರೂ ಇದೆಯಾ?

ಉತ್ತರ: ಸಗಟು ಮಾರುಕಟ್ಟೆ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮುಂಚೆ ಒಂದು ಸಣ್ಣ ಲೆಕ್ಕ. ಟೊಮೆಟೊ ಕೆಜಿಗೆ 40 ರೂಪಾಯಿ ಇದೆ ಅಂದುಕೊಳ್ಳಿ. ತಳ್ಳುಗಾಡಿಯವರು "ಎರಡು ಕೆಜಿ ತಗೊಳ್ಳಿ ಅಮ್ಮ, 60ಕ್ಕೆ ಕೊಡ್ತೀನಿ" ಅಂತಾರೆ. 20 ರೂಪಾಯಿ ಉಳೀತು ಅಂತ ತರುತ್ತೀರಿ. ವಾರದ ಕೊನೆಗೆ ಅದರಲ್ಲಿ ಅರ್ಧ ಕೆಜಿ ಕೊಳೆತರೆ ನೀವು ತಿಂದದ್ದು ಒಂದೂವರೆ ಕೆಜಿ, ಕೊಟ್ಟದ್ದು 60. ಅಲ್ಲಿಗೆ ಕೆಜಿಗೆ 40 ರೂಪಾಯಿಯೇ ಬಿತ್ತು. ಮುಕ್ಕಾಲು ಕೆಜಿ ಕೊಳೆತರೆ ಕೆಜಿಗೆ 48 ಆಯಿತು, ಅಂದರೆ ಚೌಕಾಸಿ ಮಾಡಿ ದುಬಾರಿಗೆ ಕೊಂಡ ಹಾಗೆ. ನೀವು ಬರೆದಿರೋದನ್ನು ನೋಡಿದರೆ ನಿಮ್ಮ ದುಡ್ಡು ಸೋರುತ್ತಿರೋದು ಅಂಗಡಿಯಲ್ಲಲ್ಲ, ಫ್ರಿಜ್ಜಿನ ಕೆಳಗಿನ ಡಬ್ಬದಲ್ಲಿ. ಒಂದೇ ತರಕಾರಿಗೆ ಭಾನುವಾರ ಒಂದು ಸಲ, ಗುರುವಾರ ಇನ್ನೊಂದು ಸಲ ದುಡ್ಡು ಕೊಡುತ್ತಿದ್ದೀರಿ. ಅದೂ ಗುರುವಾರದ್ದು ಮನೆಬಾಗಿಲಿಗೆ ತರಿಸಿದ್ದು, ಜಾಸ್ತಿ ಬೆಲೆಗೆ.

ಹಾಗಾಗಿ ಈ ವಾರ ಏನನ್ನೂ ಬದಲಾಯಿಸಬೇಡಿ. ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಬಿಸಾಕಿದ್ದನ್ನು ಮಾತ್ರ ಬರೆಯಿರಿ. "ಅರ್ಧ ಕಟ್ಟು ಪಾಲಕ್, ಎರಡು ಸೌತೆಕಾಯಿ, ಹುಳಿ ಬಂದ ಹಿಟ್ಟು" ಅಂತ. ಬಹಳ ಮನೆಗಳಲ್ಲಿ ಪ್ರತಿ ವಾರ ಅದೇ ನಾಲ್ಕೈದು ಹೆಸರು ತಿರುತಿರುಗಿ ಬರುತ್ತವೆ. ಆ ನಾಲ್ಕೈದನ್ನು ಸರಿಮಾಡಿಕೊಂಡರೆ ಸಾಕು, ಇಡೀ ಅಡುಗೆಮನೆಯನ್ನು ತಿದ್ದೋಕೆ ಹೋಗಬೇಕಾಗಿಲ್ಲ.

ಈಗ ಕೊಳೆಯೋದು ಯಾಕೆ ಅಂತ ನೋಡೋಣ. ತರಕಾರಿ ಗಿಡದಿಂದ ಕಿತ್ತ ಮೇಲೂ ಉಸಿರಾಡುತ್ತಲೇ ಇರುತ್ತೆ. ತನ್ನೊಳಗಿನ ಸಕ್ಕರೆ, ನೀರು ಖರ್ಚು ಮಾಡುತ್ತಾ ಬದುಕಿರುತ್ತೆ. ಯಾವುದು ಜೋರಾಗಿ ಉಸಿರಾಡುತ್ತೋ ಅದು ಬೇಗ ಕೆಡುತ್ತೆ. ಸೊಪ್ಪು, ಅಣಬೆ, ಹಸಿ ಬಟಾಣಿ, ಜೋಳದ ತೆನೆ, ಬೆಂಡೆಕಾಯಿ ಈ ಜಾತಿ. ಎಲೆಕೋಸು, ಕ್ಯಾರೆಟ್, ಬೀಟ್‌ರೂಟ್ ನಿಧಾನದವು. ಆಲೂಗಡ್ಡೆ, ಈರುಳ್ಳಿ, ಸಿಹಿಗುಂಬಳ, ಸುವರ್ಣಗಡ್ಡೆ ಇವಂತೂ ನಿದ್ದೆ ಮಾಡುತ್ತಿರುತ್ತವೆ. ಕರಾವಳಿಯ ಹಳೇ ಮನೆಗಳಲ್ಲಿ ಬೇಸಿಗೆಯಲ್ಲಿ ಬೆಳೆದ ಸಾಂಬಾರ್ ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಜಂತಿಗೆ ನೇತುಹಾಕಿ ಮಳೆಗಾಲದಲ್ಲಿ ಒಂದೊಂದೇ ಇಳಿಸಿ ಹುಳಿ ಮಾಡುತ್ತಿದ್ದರು. ಫ್ರಿಜ್ ಎಲ್ಲಿತ್ತು ಆಗ? ಯಾವ ಕಾಯಿ ಎಷ್ಟು ದಿನ ತಡೆಯುತ್ತೆ ಅನ್ನೋದು ಗೊತ್ತಿತ್ತು, ಅಷ್ಟೇ.

ಆದ್ದರಿಂದ ನಿಮಗೆ ಬೇಕಾಗಿರೋದು ಮೆನು ಅಲ್ಲ, ಸರದಿ. ಭಾನುವಾರ ತಂದಿದ್ದರಲ್ಲಿ ಮೊದಲು ಕೆಡೋದನ್ನು ಮೊದಲು ಒಲೆಗೆ ಏರಿಸಬೇಕು. ಭಾನುವಾರ ರಾತ್ರಿ ಅಥವಾ ಸೋಮವಾರ ಸೊಪ್ಪು: ಮಸ್ಸೊಪ್ಪು, ಬಸ್ಸಾರು, ಪಲ್ಯ, ಏನಾದರೂ ಸರಿ. ಮಂಗಳವಾರ ಬೆಂಡೆ. ಬುಧವಾರ ಹುರುಳಿಕಾಯಿ, ಬದನೆ, ಹೀರೆ. ಆಮೇಲೆ ಕೋಸು, ಕ್ಯಾರೆಟ್, ನವಿಲುಕೋಸು. ಶುಕ್ರವಾರ, ಶನಿವಾರಕ್ಕೆ ಕುಂಬಳ, ಆಲೂಗಡ್ಡೆ, ಸುವರ್ಣಗಡ್ಡೆ, ಇಲ್ಲಾ ಅಂದರೆ ನೆನೆಸಿದ ಹೆಸರುಕಾಳು, ಹುರುಳಿ. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ಸೋಮವಾರ ಬೆಳಗ್ಗೆ ಗಡಿಬಿಡಿ, ಆಲೂಗಡ್ಡೆ ಸುಲಭ ಅಂತ ಆಲೂಗಡ್ಡೆ ಪಲ್ಯ. ಸೊಪ್ಪು ಬಿಡಿಸೋಕೆ ಟೈಮಿಲ್ಲ ಅಂತ ಮುಂದಕ್ಕೆ ಹಾಕುತ್ತಾರೆ. ಸೊಪ್ಪು ಕಾಯೋದಿಲ್ಲ ಅಲ್ವಾ. ಭಾನುವಾರ ಸಂಜೆ ಟಿವಿ ಮುಂದೆ ಕೂತು ಮನೆಯವರೆಲ್ಲ ಸೊಪ್ಪು ಬಿಡಿಸಿದರೆ ಅರ್ಧ ಗಂಟೆಯ ಕೆಲಸ. ನಿಮ್ಮ ಯಜಮಾನರಿಗೂ ಕೈ ಇದೆ ಅಂತ ನೆನಪಿಸಿ.

ಸೊಪ್ಪನ್ನು ಎರಡನೇ ಸಲಕ್ಕೂ ಇಡಬೇಕು ಅಂದರೆ, ಅಥವಾ ಕೊತ್ತಂಬರಿ ವಾರಪೂರ್ತಿ ಬೇಕು ಅಂದರೆ, ಇಡುವ ರೀತಿ ಸ್ವಲ್ಪ ನೋಡಿಕೊಳ್ಳಬೇಕು. ಕೊತ್ತಂಬರಿ ಕಟ್ಟನ್ನು ತಂದ ತಕ್ಷಣ ಬಾಳೆನಾರನ್ನೋ ರಬ್ಬರನ್ನೋ ಬಿಚ್ಚಿ. ಕಟ್ಟಿನ ಮಧ್ಯೆ ಬೆರಳು ಹಾಕಿ ನೋಡಿ, ಅಲ್ಲಿ ಬಿಸಿ ಬಿಸಿಯಾಗಿ ಒದ್ದೆಯಾಗಿರುತ್ತೆ, ಲೋಳೆ ಶುರುವಾಗೋದೇ ಅಲ್ಲಿಂದ. ಮಾರುವವರು ಬಾಡದಿರಲಿ ಅಂತ ಬೆಳಗ್ಗೆಯಿಂದ ನೀರು ಚಿಮುಕಿಸುತ್ತಿರುತ್ತಾರೆ, ಆ ನೀರೇ ಮನೆಯಲ್ಲಿ ಶತ್ರು. ಪೇಪರ್ ಮೇಲೆ ಹರಡಿ, ಫ್ಯಾನ್ ಕೆಳಗೆ ನೀರು ಆರುವ ತನಕ ಬಿಡಿ. ಹಳದಿ ಎಲೆ, ಮುರಿದ ದಂಟು, ಕಪ್ಪಾದ ತುದಿ ತೆಗೆಯಿರಿ. ಒಂದು ಕೊಳೆತ ದಂಟು ಪಕ್ಕದ್ದನ್ನೂ ಕೊಳೆಸುತ್ತೆ. ಮಣ್ಣಿನ ಬೇರನ್ನು ಕತ್ತರಿಸಿ, ಆದರೆ ತೊಳೆಯಬೇಡಿ. ತೊಳೆಯೋದು ಅಡುಗೆಗೆ ಮುಂಚೆ. ಆಮೇಲೆ ಹಳೇ ಹತ್ತಿ ಪಂಚೆಯ ತುಂಡಿನಲ್ಲಿ ಸಡಿಲವಾಗಿ ಸುತ್ತಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿಡಿ. ಎರಡು ದಿನಕ್ಕೊಮ್ಮೆ ಬಟ್ಟೆ ಮುಟ್ಟಿ ನೋಡಿ, ಒದ್ದೆಯಾಗಿದ್ದರೆ ಬದಲಾಯಿಸಿ. ಇಷ್ಟು ಮಾಡಿದರೆ ಕೊತ್ತಂಬರಿ ಒಂದು ವಾರ ಆರಾಮಾಗಿ ಬರುತ್ತೆ. ಪುದೀನ, ಮೆಂತ್ಯ, ಸಬ್ಬಸಿಗೆ, ಪಾಲಕ್ ಎಲ್ಲಕ್ಕೂ ಇದೇ ಕ್ರಮ, ದಿನ ಮಾತ್ರ ಕಡಿಮೆ. ಕರಿಬೇವನ್ನು ಕಡ್ಡಿಯಿಂದ ಬಿಡಿಸಿ, ಒಣಗಿದ ಡಬ್ಬದಲ್ಲಿ ಹಾಕಿ. ಜಾಸ್ತಿ ಇದ್ದರೆ ಫ್ರೀಜರಿಗೆ ಹಾಕಿಬಿಡಿ, ಒಗ್ಗರಣೆಗೆ ನೇರವಾಗಿ ಹಾಕಬಹುದು. ಹಸಿಮೆಣಸಿನಕಾಯಿಯ ತೊಟ್ಟು ಮುರಿದು ಇಟ್ಟರೆ ಬೇಗ ಕೊಳೆಯೋದಿಲ್ಲ.

ಮೂಲಂಗಿ, ಬೀಟ್‌ರೂಟ್, ನವಿಲುಕೋಸು ತಂದ ಕೂಡಲೇ ಎಲೆ ಕತ್ತರಿಸಿ ಬೇರೆ ಇಡಿ. ಎಲೆ ಇದ್ದಷ್ಟು ಹೊತ್ತೂ ಗಡ್ಡೆಯ ನೀರನ್ನು ಹೀರುತ್ತಿರುತ್ತೆ, ಎರಡು ದಿನದಲ್ಲಿ ಮೂಲಂಗಿ ಬೆಂಡಾಗುತ್ತೆ. ಆ ಎಲೆಯನ್ನು ಎಸೆಯಬೇಡಿ, ಮೂಲಂಗಿ ಸೊಪ್ಪಿಗೆ ಸ್ವಲ್ಪ ಬೇಳೆ ಹಾಕಿ ಪಲ್ಯ ಮಾಡಿದರೆ ದುಡ್ಡಿಲ್ಲದೆ ಒಂದು ಹೊತ್ತಿನದು ಆಯಿತು.

ನಿಮ್ಮ ಸೌತೆಕಾಯಿ ಮೆತ್ತಗಾಗುತ್ತೆ ಅಂದಿರಲ್ಲ, ಅದಕ್ಕೆ ಕಾರಣ ಬಹುಶಃ ಫ್ರಿಜ್ಜೇ. ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಫ್ರಿಜ್ಜಿನ ಒಳಗೆ ಸಾಮಾನ್ಯವಾಗಿ 4 ಡಿಗ್ರಿ ಆಸುಪಾಸು ಇರುತ್ತೆ. ಬಿಸಿಲು ನಾಡಿನ ಕಾಯಿಗಳಿಗೆ ಆ ಚಳಿ ಆಗಿಬರೋದಿಲ್ಲ. ಸೌತೆ, ಬದನೆ, ಬೆಂಡೆ, ಹುರುಳಿಕಾಯಿ, ಟೊಮೆಟೊ, ಬಾಳೆಹಣ್ಣು ಇವೆಲ್ಲ 7ರಿಂದ 13 ಡಿಗ್ರಿ ಮೇಲೆ ಸುಖವಾಗಿರುವಂಥವು. ಅದಕ್ಕಿಂತ ಕೆಳಗೆ ಹಲವು ದಿನ ಇಟ್ಟರೆ ಒಳಗಿನ ಜೀವಕೋಶ ಒಡೆದು ಸೌತೆ ನೀರು ಬಿಡುತ್ತೆ, ಬದನೆ ಒಳಗೆ ಕಂದಾಗುತ್ತೆ, ಬಾಳೆಹಣ್ಣಿನ ಸಿಪ್ಪೆ ಕಪ್ಪಾಗುತ್ತೆ. ಟೊಮೆಟೊ ಅಂತೂ ರುಚಿಯನ್ನೇ ಕಳೆದುಕೊಳ್ಳುತ್ತೆ. ಅದಕ್ಕೇ ಟೊಮೆಟೊವನ್ನು ಹೊರಗೆ ತೊಟ್ಟು ಕೆಳಗೆ ಮಾಡಿ ಒಂದೇ ಪದರವಾಗಿ ಜೋಡಿಸಿ. ತೀರಾ ಹಣ್ಣಾಗಿ ಇನ್ನೇನು ಒಡೆಯುತ್ತೆ ಅನ್ನಿಸಿದಾಗ ಮಾತ್ರ ಒಳಗಿಟ್ಟು ಎರಡು ದಿನದಲ್ಲಿ ಖಾಲಿ ಮಾಡಿ. ಸೌತೆ, ಬದನೆ, ಬೆಂಡೆಯನ್ನು ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇಡೋದಕ್ಕೆ ಅಡ್ಡಿಯಿಲ್ಲ, ಕೆಳಗಿನ ತರಕಾರಿ ಡಬ್ಬದಲ್ಲಿ, ಬಟ್ಟೆಚೀಲದಲ್ಲಿ. ವಾರ ಇಡಬೇಡಿ.

ಆಲೂಗಡ್ಡೆಗೆ ಫ್ರಿಜ್ ಬೇಡವೇ ಬೇಡ. ಚಳಿಗೆ ಅದರ ಪಿಷ್ಟ ಸಕ್ಕರೆಯಾಗುತ್ತೆ, ಕರಿದರೆ ಕಂದು ಬಣ್ಣಕ್ಕೆ ತಿರುಗುತ್ತೆ. ಬೆಳಕೂ ಬೇಡ. ಬೆಳಕಿಗೆ ಹಸಿರಾದ ಆಲೂಗಡ್ಡೆಯಲ್ಲಿ ಸೊಲಾನಿನ್ ಅನ್ನೋ ವಿಷ ಜಾಸ್ತಿಯಾಗುತ್ತೆ, ಅದು ಬೇಯಿಸಿದರೂ ಹೋಗೋದಿಲ್ಲ. ಸೆಣಬಿನ ಚೀಲದಲ್ಲಿ ಕತ್ತಲೆ ಮೂಲೆಗೆ ಹಾಕಿ. ಈರುಳ್ಳಿಯನ್ನು ಅದರ ಜೊತೆ ಒಂದೇ ಬುಟ್ಟಿಯಲ್ಲಿ ಇಡಬೇಡಿ, ಬಹಳ ಮನೆಗಳಲ್ಲಿ ಇದೇ ಅಭ್ಯಾಸ. ಆಲೂಗಡ್ಡೆ ಬಿಡುವ ತೇವಕ್ಕೆ ಈರುಳ್ಳಿ ಮೊಳೆಯುತ್ತೆ, ಕೊಳೆಯುತ್ತೆ.

ಇನ್ನು ಹಣ್ಣು. ಬಾಳೆ, ಮಾವು, ಪಪ್ಪಾಯಿ, ಸಪೋಟ, ಸೇಬು ಹಣ್ಣಾಗುವಾಗ ಎಥಿಲೀನ್ ಅನ್ನೋ ಅನಿಲ ಬಿಡುತ್ತವೆ. ಅದು ಪಕ್ಕದ ಕಾಯನ್ನು ಹಣ್ಣು ಮಾಡುತ್ತೆ, ಪಕ್ಕದ ಸೊಪ್ಪನ್ನು ಹಳದಿ ಮಾಡುತ್ತೆ. ಸೇಬಿನ ಪ್ಯಾಕೆಟ್ಟನ್ನು ಸೊಪ್ಪಿನ ಜೊತೆ ಒಂದೇ ಡಬ್ಬದಲ್ಲಿ ಇಟ್ಟಿದ್ದೀರಾ, ಒಮ್ಮೆ ನೋಡಿ. ಹಾಗಿದ್ದರೆ ಗುರುವಾರದ ಹಳದಿ ಸೊಪ್ಪಿಗೆ ಅದೂ ಒಂದು ಕಾರಣ. ಇದೇ ಅನಿಲವನ್ನು ನಮ್ಮ ಕೆಲಸಕ್ಕೂ ಬಳಸಿಕೊಳ್ಳಬಹುದು. ಕಾಯಿ ಪಪ್ಪಾಯಿ, ಬೆಣ್ಣೆಹಣ್ಣು ಬೇಗ ಹಣ್ಣಾಗಬೇಕಾದರೆ ಒಂದು ಮಾಗಿದ ಬಾಳೆಹಣ್ಣಿನ ಜೊತೆ ಪೇಪರಿನಲ್ಲಿ ಸುತ್ತಿಡಿ. ಬಾಳೆಹಣ್ಣನ್ನು ಪೂರ್ತಿ ಚಿಪ್ಪು ಹಣ್ಣಾದದ್ದೇ ತರಬೇಡಿ. ಅರ್ಧ ಹಣ್ಣಾದದ್ದು, ಇನ್ನರ್ಧ ಕಾಯಿ ಬಣ್ಣದ್ದು ತಂದರೆ ವಾರಪೂರ್ತಿ ಆಗುತ್ತೆ.

ಸರಿ, ಸಗಟು ಮಾರುಕಟ್ಟೆ. ಕಲಾಸಿಪಾಳ್ಯಕ್ಕೋ ಯಶವಂತಪುರದ ಎಪಿಎಂಸಿಗೋ ಬೆಳಗಿನ ಜಾವ ಹೋದರೆ ಬೆಲೆ ಕಡಿಮೆ ಇರುತ್ತೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಮಾತು ಮೂಟೆಯಲ್ಲಿ, ಕ್ರೇಟಿನಲ್ಲಿ. ಐದು ಜನರ ಮನೆಗೆ ಒಂದು ಕ್ರೇಟ್ ಟೊಮೆಟೊ ತಂದು ಏನು ಮಾಡುತ್ತೀರಿ? ಆಟೋ ಬಾಡಿಗೆ, ಪೆಟ್ರೋಲು, ಪಾರ್ಕಿಂಗು ಸೇರಿಸಿದರೆ ಉಳಿದದ್ದು ಅಲ್ಲಿಗೆ ಸಮ. ನನ್ನ ಅಭಿಪ್ರಾಯ ಕೇಳಿದರೆ ಒಂಟಿ ಮನೆಗೆ ಅದು ಲಾಭವಲ್ಲ. ನಿಮ್ಮ ಬೀದಿಯಲ್ಲೋ ಅಪಾರ್ಟ್‌ಮೆಂಟಿನಲ್ಲೋ ನಾಲ್ಕು ಮನೆಯವರು ಸೇರಿ, ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿಯಂಥ ತಡೆಯುವ ಸಾಮಾನು ಮಾತ್ರ ತಿಂಗಳಿಗೊಮ್ಮೆ ತಂದು ಹಂಚಿಕೊಳ್ಳೋದಾದರೆ ಅದು ಬೇರೆ ಮಾತು, ಆಗ ಖಂಡಿತ ಹೋಗಿ.

ದಿನದ ದರ ಎಷ್ಟು ಅಂತ ತಿಳಿಯೋಕೆ ಹಾಪ್‌ಕಾಮ್ಸ್ ಮಳಿಗೆಯ ಬೋರ್ಡು ನೋಡೋ ಅಭ್ಯಾಸ ಮಾಡಿಕೊಳ್ಳಿ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದದ್ದು ಅದು, ಆಗ ತೋಟಗಾರಿಕೆ ಇಲಾಖೆಯಲ್ಲಿದ್ದ ಮರಿಗೌಡರು ಅದಕ್ಕೆ ಬೆನ್ನೆಲುಬು. ಅಲ್ಲಿ ದಿನಾ ದರಪಟ್ಟಿ ಹಾಕುತ್ತಾರೆ. ಅಲ್ಲೇ ಕೊಳ್ಳಬೇಕು ಅಂತಲ್ಲ, ಕೆಲವು ಮಳಿಗೆಯಲ್ಲಿ ಮಧ್ಯಾಹ್ನದ ಮೇಲೆ ಆಯ್ಕೆಗೆ ಏನೂ ಉಳಿದಿರೋದಿಲ್ಲ. ಆದರೆ ಬೋರ್ಡಿನ ದರ ತಲೆಯಲ್ಲಿದ್ದರೆ ತಳ್ಳುಗಾಡಿಯವರ ಹತ್ತಿರವೂ, ಆ್ಯಪ್‌ನಲ್ಲೂ ಯಾವುದು ಜಾಸ್ತಿ ಯಾವುದು ನ್ಯಾಯ ಅಂತ ತಕ್ಷಣ ಗೊತ್ತಾಗುತ್ತೆ.

ತಳ್ಳುಗಾಡಿಯವರನ್ನು ಬಿಡಬೇಡಿ. ನಿಮ್ಮ ಬೀದಿಗೆ ಬರುವ ಒಬ್ಬರ ಹತ್ತಿರ ಕಾಯಂ ಆಗಿ ಕೊಂಡರೆ ಒಳ್ಳೇದನ್ನು ಅವರೇ ಆರಿಸಿಕೊಡುತ್ತಾರೆ, ಕಾಲು ಕೆಜಿ ಕೇಳಿದರೂ ಬೇಸರ ಮಾಡೋದಿಲ್ಲ, ಕೊಸರಿಗೆ ಒಂದೆಸಳು ಕರಿಬೇವು, ನಾಲ್ಕು ಮೆಣಸಿನಕಾಯಿ ಹಾಕುತ್ತಾರೆ. ಐದು ರೂಪಾಯಿಗೆ ಅವರ ಜೊತೆ ಜಗಳ ಆಡೋದು ನನಗೆ ಇಷ್ಟವಿಲ್ಲ. ಮಾಲ್‌ನಲ್ಲಿ ಬೆಲೆ ಎಷ್ಟಿದ್ದರೂ ಸುಮ್ನೆ ಕೊಟ್ಟು ಬರುತ್ತೇವೆ, ಬಿಸಿಲಲ್ಲಿ ಗಾಡಿ ತಳ್ಳುವವರ ಹತ್ತಿರ ಮಾತ್ರ ನಮ್ಮ ಜಾಣತನ ತೋರಿಸುತ್ತೇವೆ.

ಇನ್ನು ಮೊಬೈಲಿನಲ್ಲಿ ತರಿಸೋದು. ಅಲ್ಲಿ ಕೆಲವು ಸಲ ತರಕಾರಿ ಬೆಲೆ ಅಂಗಡಿಗಿಂತ ಕಡಿಮೆಯೂ ಇರುತ್ತೆ. ಖರ್ಚಾಗೋದು ಬೇರೆ ಕಡೆ. ಕೊತ್ತಂಬರಿ ತರಿಸೋಕೆ ಹೋಗುತ್ತೀರಿ, ಇಷ್ಟು ರೂಪಾಯಿ ದಾಟಿದರೆ ಡೆಲಿವರಿ ಫ್ರೀ ಅಂತಾರೆ, ಅದಕ್ಕೆ ಚಿಪ್ಸು, ಬಿಸ್ಕತ್ತು ಸೇರಿಸುತ್ತೀರಿ, ಕೊನೆಗೆ ಹ್ಯಾಂಡ್ಲಿಂಗ್ ಚಾರ್ಜು ಬೇರೆ. ಕಾಲು ಕೆಜಿ, ಅರ್ಧ ಕೆಜಿ, 180 ಗ್ರಾಂ ಅಂತ ಬೇರೆ ಬೇರೆ ತೂಕದ ಪ್ಯಾಕೆಟ್ ಇರೋದರಿಂದ ಕೆಜಿಗೆ ಎಷ್ಟು ಬಿತ್ತು ಅಂತ ತಿಳಿಯೋದೂ ಇಲ್ಲ. ಒಂದು ಉಪಾಯ: ಬೇಕಾದ್ದನ್ನು ಅದರ ಬುಟ್ಟಿಗೆ ಹಾಕಿ, ತಕ್ಷಣ ಆರ್ಡರ್ ಮಾಡಬೇಡಿ. ಸಂಜೆವರೆಗೂ ಅದು ಬೇಕು ಅನ್ನಿಸಿದರೆ ಮಾಡಿ. ಅರ್ಧ ಸಾಮಾನು ತಾನಾಗಿ ಉದುರಿಹೋಗುತ್ತೆ.

ಆರಿಸುವಾಗ ಕೈ ಬಳಸಿ. ಬೆಂಡೆಯ ತುದಿ ಟಕ್ ಅಂತ ಮುರಿಯಬೇಕು, ಬಾಗಿದರೆ ಬಲಿತದ್ದು. ಇದನ್ನು ಮಾಡಬೇಡಿ ಅಂತ ಬೋರ್ಡ್ ಹಾಕಿರುವ ಅಂಗಡಿಗಳೂ ಇವೆ, ನ್ಯಾಯವೇ ಬಿಡಿ, ಅಲ್ಲಿ ಚಿಕ್ಕ ಗಾತ್ರದ್ದು ಆರಿಸಿಕೊಳ್ಳಿ. ಸೋರೆಕಾಯಿಗೆ ಉಗುರು ಸುಲಭವಾಗಿ ಇಳಿಯಬೇಕು. ಒಂದೇ ಗಾತ್ರದ ಎರಡು ನಿಂಬೆಹಣ್ಣಿನಲ್ಲಿ ಭಾರವಾದದ್ದಕ್ಕೆ, ತೆಳು ಸಿಪ್ಪೆಯದ್ದಕ್ಕೆ ರಸ ಜಾಸ್ತಿ. ಇನ್ನು ಸಿಪ್ಪೆ ಸಮೇತ ತೂಗುವ ತರಕಾರಿಯಲ್ಲಿ ಲೆಕ್ಕ ಬೇರೆ. ಒಂದು ಕೆಜಿ ಬಟಾಣಿಕಾಯಿ ಬಿಡಿಸಿದರೆ ಕಾಳು ಅರ್ಧ ಕೆಜಿ ದಾಟೋದಿಲ್ಲ. ಹಾಗಾಗಿ ಬಿಡಿಸಿದ ಕಾಳಿನ ಬೆಲೆ ಕಾಯಿಯ ಎರಡರಷ್ಟಿದ್ದರೆ ಅದೇನೂ ದುಬಾರಿಯಲ್ಲ. ನಿಮ್ಮಂಥ ಕೆಲಸಕ್ಕೆ ಹೋಗುವವರು ಬಿಡಿಸಿದ್ದೇ ಕೊಳ್ಳಬಹುದು. ಅವರೆಕಾಯಿಗೂ ಇದೇ ಮಾತು, ಆದರೆ ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಕಾಯಿ ತಂದು ಮನೆಮಂದಿಯೆಲ್ಲ ಕೂತು ಹಿತುಕುವ ಖುಷಿಗೆ ಲೆಕ್ಕ ಹಾಕೋಕೆ ಆಗೋದಿಲ್ಲ ಬಿಡಿ.

ಕಾಲ ನೋಡಿ ಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ, ಯಾಕೆ ಅಂತ ಹೇಳೋದಿಲ್ಲ. ಈರುಳ್ಳಿಯನ್ನೇ ತೆಗೆದುಕೊಳ್ಳಿ. ಹಿಂಗಾರಿನ ಈರುಳ್ಳಿ ಮಾರ್ಚ್‌ನಿಂದ ಮೇ ಒಳಗೆ ಕೀಳುತ್ತಾರೆ. ಬಿಸಿಲಲ್ಲಿ ಚೆನ್ನಾಗಿ ಒಣಗಿರುತ್ತೆ, ನಾಲ್ಕೈದು ತಿಂಗಳು ತಡೆಯುತ್ತೆ. ದೇಶ ಮಳೆಗಾಲ ಪೂರ್ತಿ ತಿನ್ನೋದು ಇದೇ ದಾಸ್ತಾನನ್ನು. ಚಿತ್ರದುರ್ಗ, ಗದಗ ಕಡೆಯ ನಮ್ಮ ಮುಂಗಾರು ಈರುಳ್ಳಿ ಬರೋದು ಸೆಪ್ಟೆಂಬರ್ ನಂತರ. ಹಳೇ ದಾಸ್ತಾನು ಮುಗಿಯುವ ಹೊತ್ತಿಗೆ ಹೊಲದಲ್ಲಿ ಮಳೆ ಹೊಡೆದರೆ ಹೊಸದೂ ಕಡಿಮೆ, ಹಳೇದೂ ಇಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ಬೆಲೆ ಏರೋದು ಅದಕ್ಕೆ. ಮುಂಗಾರಿನದ್ದರಲ್ಲಿ ನೀರಿನಂಶ ಜಾಸ್ತಿ, ಇಟ್ಟರೆ ಕೊಳೆಯುತ್ತೆ. ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ಒಂದು ಹತ್ತು ಕೆಜಿ ಚೀಲ ತರೋದು ಜಾಣತನ, ಅಕ್ಟೋಬರ್‌ನಲ್ಲಿ ಅದೇ ಚೀಲ ತರೋದು ದಡ್ಡತನ. ಕೊಳ್ಳುವಾಗ ಈರುಳ್ಳಿಯ ಕುತ್ತಿಗೆ ಒತ್ತಿ ನೋಡಿ. ತೆಳ್ಳಗೆ, ಒಣಗಿ, ಮುಚ್ಚಿಕೊಂಡಿದ್ದರೆ ತಡೆಯುತ್ತೆ. ದಪ್ಪಗೆ ಮೆತ್ತಗಿದ್ದರೆ ಆ ವಾರಕ್ಕಷ್ಟೇ. ಮನೆಗೆ ತಂದ ಮೇಲೆ ಚೀಲದಲ್ಲೇ ಬಿಡಬೇಡಿ, ಗಾಳಿ ಆಡುವ ಕಡೆ ಹರಡಿ.

ಟೊಮೆಟೊ ಕಥೆ ಇನ್ನೊಂದು ಥರ. ನಾಟಿ ಮಾಡಿದ ಎರಡು ಮೂರು ತಿಂಗಳಿಗೆ ಕೈಗೆ ಬರುವ ಬೆಳೆ ಅದು. ಬೆಲೆ ಬಿದ್ದು ಕೋಲಾರದ ಕಡೆ ರೈತರು ರಸ್ತೆಗೆ ಸುರಿದರು ಅಂತ ಸುದ್ದಿ ಬಂತು ಅನ್ನಿ, ಆಗ ಹೊಸದಾಗಿ ನಾಟಿ ಮಾಡುವವರು ಕಡಿಮೆಯಾಗುತ್ತಾರೆ, ಎರಡು ಮೂರು ತಿಂಗಳು ಬಿಟ್ಟು ಮಾಲು ಕಡಿಮೆ ಬರುತ್ತೆ, ಬೆಲೆ ಏರುತ್ತೆ. ಅದರ ಜೊತೆಗೆ ಮಳೆ, ರೋಗ ಸೇರಿದರೆ 2023ರ ಜುಲೈನಲ್ಲಿ ಆದ ಹಾಗೆ, ಕೋಲಾರದಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟುತ್ತೆ. ಬೆಲೆ ಬಿದ್ದಾಗ ನಾಲ್ಕೈದು ಕೆಜಿ ತಂದು ಬೇಯಿಸಿ ರುಬ್ಬಿ, ಗಟ್ಟಿಯಾಗುವ ತನಕ ಕಾಯಿಸಿ, ಆರಿದ ಮೇಲೆ ಸಣ್ಣ ಡಬ್ಬಗಳಲ್ಲಿ ಫ್ರೀಜರಿಗೆ ಹಾಕಿ, ಇಲ್ಲಾ ತೊಕ್ಕು ಮಾಡಿ. ಬೆಲೆ ಏರಿದಾಗ ಟೊಮೆಟೊ ಬಿಟ್ಟುಬಿಡಿ. ಟೊಮೆಟೊ ಇಲ್ಲದ ಸಾರು ನಮಗೇನು ಹೊಸದಾ? ಹುಣಸೆಹುಳಿ ಇದೆ, ಮೆಣಸಿನ ಸಾರಿದೆ, ಕರಾವಳಿ ಮಲೆನಾಡಿನವರಿಗೆ ಒಣ ಪುನರ್ಪುಳಿ, ಅಮಟೆಕಾಯಿ, ಬಿಂಬುಳಿ ಇವೆ. ಮೊಸರಿನ ತಂಬುಳಿ ಇದೆ. ಹಬ್ಬದ ದಿನಗಳಲ್ಲೂ ಹೀಗೇ. ವರಮಹಾಲಕ್ಷ್ಮಿ, ಗೌರಿ ಗಣೇಶ, ಆಯುಧಪೂಜೆಯ ಹಿಂದಿನ ದಿನ ಏಲಕ್ಕಿ ಬಾಳೆ, ಹೂವು, ಬೂದುಗುಂಬಳ ಕೇಳೋ ಹಾಗಿರೋದಿಲ್ಲ. ಬೂದುಗುಂಬಳ ತಿಂಗಳುಗಟ್ಟಲೆ ಇರುವಂಥದ್ದು, ಅದನ್ನು ಹದಿನೈದು ದಿನ ಮುಂಚೆ ತಂದಿಡೋಕೆ ಏನು ಕಷ್ಟ?

ತಂದದ್ದನ್ನು ಪೂರ್ತಿ ಬಳಸೋದರಲ್ಲಿ ನಮ್ಮ ಅಡುಗೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬಸ್ಸಾರು ಅಂದರೇನು, ಸೊಪ್ಪು ಬೇಳೆ ಬೇಯಿಸಿದ ನೀರನ್ನೂ ಚೆಲ್ಲದೆ ಸಾರು ಮಾಡೋದು, ಉಳಿದದ್ದು ಪಲ್ಯ. ಒಂದೇ ಕಟ್ಟು ಸೊಪ್ಪಿಗೆ ಎರಡು ಅಡುಗೆ. ಹೀರೆಕಾಯಿ ಹೆರೆದ ಸಿಪ್ಪೆಯನ್ನು ಎಣ್ಣೆಯಲ್ಲಿ ಹುರಿದು, ಕಡಲೆಬೇಳೆ, ಒಣಮೆಣಸು, ಹುಣಸೆ, ಸ್ವಲ್ಪ ಕಾಯಿ ಹಾಕಿ ರುಬ್ಬಿದರೆ ಚಟ್ನಿ. ನನಗಂತೂ ಹೀರೆಕಾಯಿ ಪಲ್ಯಕ್ಕಿಂತ ಇದೇ ರುಚಿ. ಹೂಕೋಸಿನ ಎಳೆ ದಂಟು, ಎಲೆ ಸಾಂಬಾರಿಗೆ. ಕಲ್ಲಂಗಡಿಯ ಬಿಳಿ ಭಾಗವನ್ನು ಅಕ್ಕಿ ಜೊತೆ ರುಬ್ಬಿ ದೋಸೆ ಹುಯ್ಯಿರಿ, ದೋಸೆ ಮೆತ್ತಗೆ ಬರುತ್ತೆ. ಬಾಡಿದ ಕ್ಯಾರೆಟ್, ಹುರುಳಿಕಾಯಿ, ಕೋಸಿನ ಚೂರು ಎಲ್ಲ ಸೇರಿಸಿ ವಾಂಗಿಬಾತ್ ಪುಡಿ ಹಾಕಿದರೆ ಶುಕ್ರವಾರದ ಡಬ್ಬಿಗಾಯಿತು. ಉತ್ತರ ಕರ್ನಾಟಕದ ಕಡೆಯವರು ಹಸಿ ಮೆಂತ್ಯ ಸೊಪ್ಪು, ಹಕ್ಕರಕಿ, ಎಳೆ ಮೂಲಂಗಿಯನ್ನು ಹಾಗೇ ರೊಟ್ಟಿ ಜೊತೆ ತಿಂತಾರೆ, ಗ್ಯಾಸೂ ಉಳೀತು.

ಆದರೆ ಕೆಲವು ಕಡೆ ಉಳಿತಾಯ ಮಾಡೋಕೆ ಹೋಗಬೇಡಿ. ಸೋರೆಕಾಯಿ ಹೆಚ್ಚುವಾಗ ಒಂದು ಚೂರು ನಾಲಿಗೆಗೆ ಇಟ್ಟು ನೋಡಿ, ಕಹಿ ಇದ್ದರೆ ಇಡೀ ಕಾಯಿ ಎಸೆಯಿರಿ. ಅದರ ರಸ ಕುಡಿದು ಜನ ಸತ್ತಿರೋ ಉದಾಹರಣೆಗಳಿವೆ, ಕುಕುರ್ಬಿಟಾಸಿನ್ ಅನ್ನೋ ಅಂಶ ಅದು, ಬೇಯಿಸಿದರೂ ಹೋಗೋದಿಲ್ಲ. ಬೂಷ್ಟು ಹಿಡಿದ ಬ್ರೆಡ್ಡಿನ ಆ ತುಂಡು ಮಾತ್ರ ತೆಗೆದು ಉಳಿದದ್ದು ತಿನ್ನಬೇಡಿ. ಬೂಷ್ಟು ಬಂದ ಕಡಲೆಬೀಜವಂತೂ ಮುಲಾಜಿಲ್ಲದೆ ಬಿಸಾಕಿ. ಉಳಿದ ಅನ್ನವನ್ನು ಒಲೆಯ ಮೇಲೆ ರಾತ್ರಿಯೆಲ್ಲ ಬಿಟ್ಟು ಬೆಳಗ್ಗೆ ಚಿತ್ರಾನ್ನ ಮಾಡೋ ಬದಲು, ಆರಿದ ಕೂಡಲೇ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹಾಕಿ. ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ಬಿಡುವ ವಿಷ ಒಗ್ಗರಣೆಗೆಲ್ಲ ಬಗ್ಗೋದಿಲ್ಲ.

ದಿನಸಿ ಬಗ್ಗೆ ಸ್ವಲ್ಪದರಲ್ಲೇ ಹೇಳಿಬಿಡುತ್ತೇನೆ. ವರ್ಷಕ್ಕೆ ಬೇಕಾದ ಮೂರು ಸಾಮಾನಿಗೆ ಕಾಲ ಇದೆ: ತೊಗರಿ, ಒಣಮೆಣಸಿನಕಾಯಿ, ಹುಣಸೆ. ಕಲಬುರಗಿ ಕಡೆ ಹೊಸ ತೊಗರಿ ಬರೋದು ಡಿಸೆಂಬರ್‌ನಿಂದ ಫೆಬ್ರವರಿಗೆ, ಬ್ಯಾಡಗಿ ಮಾರುಕಟ್ಟೆ ಕೆಂಪಾಗೋದು ಜನವರಿ ನಂತರ, ಹೊಸ ಹುಣಸೆಯೂ ಬೇಸಿಗೆ ಶುರುವಿಗೇ. ಆ ದಿನಗಳಲ್ಲಿ ಕೊಂಡು ಒಂದೆರಡು ಬಿಸಿಲು ಒಣಗಿಸಿ ಡಬ್ಬಕ್ಕೆ ತುಂಬಿಡಿ. ಹುಣಸೆಗೆ ಕಲ್ಲುಪ್ಪು ಬೆರೆಸಿ ಒತ್ತಿಡಿ. ಮನೆಯಲ್ಲಿ ಅತ್ತೆಯವರು ಇದ್ದಾರಲ್ಲ, ಇದನ್ನೆಲ್ಲ ನನಗಿಂತ ಚೆನ್ನಾಗಿ ಅವರು ಹೇಳುತ್ತಾರೆ. ಉಳಿದದ್ದಕ್ಕೆ ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗ ಅಂತ ನಂಬಬೇಡಿ. ಪ್ಯಾಕೆಟ್ ಮೇಲೆ ಗ್ರಾಮಿಗೋ ಕೆಜಿಗೋ ಎಷ್ಟು ಬೀಳುತ್ತೆ ಅಂತ ಅಚ್ಚು ಹಾಕಬೇಕೆಂಬ ನಿಯಮ ಈಗ ಇದೆ, ಎಂಆರ್‌ಪಿ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿರುತ್ತೆ, ಅದನ್ನು ಹೋಲಿಸಿ. 'ಬೆಸ್ಟ್ ಬಿಫೋರ್' ದಿನ ದಾಟಿದ ರವೆ, ಅವಲಕ್ಕಿಯನ್ನು ಹಾಗೇ ಎಸೆಯಬೇಡಿ. ಅದು ರುಚಿ, ಗುಣದ ಮಾತು. ಹುಳ, ವಾಸನೆ ಇಲ್ಲ ಅಂದರೆ ಬಳಸಬಹುದು. 'ಎಕ್ಸ್‌ಪೈರಿ', 'ಯೂಸ್ ಬೈ' ಅಂತ ಇದ್ದರೆ ಮಾತ್ರ ಆ ದಿನ ಮೀರಬೇಡಿ. ತೆಂಗಿನಕಾಯಿ ಬೆಲೆ ಏರಿದ ಮೇಲೆ ಅರ್ಧ ಹೋಳು ಲೋಳೆಯಾದರೆ ಹೊಟ್ಟೆ ಉರಿಯುತ್ತೆ. ಒಡೆದಾಗ ಕಣ್ಣಿರುವ ಹೋಳನ್ನು ಮೊದಲು ಬಳಸಿ, ಅದು ಬೇಗ ಕೆಡುತ್ತೆ. ಇನ್ನೊಂದನ್ನು ಅವತ್ತೇ ತುರಿದು ಫ್ರೀಜರಿಗೆ ಹಾಕಿ.

ಕೊನೆಗೆ ನಿಮ್ಮ ಮನೆಗೆ ನಾನು ಹೇಳೋ ಏರ್ಪಾಟು ಹೀಗೆ. ಅತ್ತೆಯವರು ಹೇಳಿದ ಹಾಗೆ ದಿನಾ ತರೋದು ನಿಮ್ಮಿಂದ ಆಗೋದಿಲ್ಲ, ಏಳು ದಿನದ್ದು ಒಟ್ಟಿಗೆ ತರೋದು ತರಕಾರಿಗೆ ಆಗೋದಿಲ್ಲ. ಭಾನುವಾರ ನೀವು ಗಡ್ಡೆ, ಕೋಸು, ಕಾಯಿಪಲ್ಯ ಮತ್ತು ಎರಡು ದಿನಕ್ಕಾಗುವ ಸೊಪ್ಪು ತನ್ನಿ. ಬುಧವಾರ ಬೆಳಗ್ಗೆ ತಳ್ಳುಗಾಡಿ ಬಂದಾಗ ಒಂದು ಕಟ್ಟು ಸೊಪ್ಪು, ಸೌತೆ, ಬೆಂಡೆ ಕೊಳ್ಳೋ ಜವಾಬ್ದಾರಿ ಅತ್ತೆಯವರಿಗೆ ಬಿಡಿ, ಕೈಯಲ್ಲಿ ನೂರೈವತ್ತು ರೂಪಾಯಿ ಕೊಟ್ಟು ಏನು ತರಬೇಕು ಅನ್ನೋದನ್ನು ಅವರಿಗೇ ಬಿಟ್ಟುಬಿಡಿ. ಆರಿಸೋದು ಅವರಿಗೆ ಗೊತ್ತಿದೆ. ಶನಿವಾರ ರಾತ್ರಿ ಫ್ರಿಜ್ ಖಾಲಿಯಾಗಿರಬೇಕು. ಉಳಿದಿದ್ದರೆ ಅದರದ್ದೇ ಸಾಗು ಮಾಡಿ, ಭಾನುವಾರ ಬೆಳಗ್ಗೆ ಪೂರಿಗಾಗುತ್ತೆ. ಫ್ರಿಜ್ ಖಾಲಿ ಇದ್ದಾಗಲೇ ಕೆಳಗಿನ ಡಬ್ಬ ಒರೆಸಿ ಒಣಗಿಸಿ, ಆಮೇಲೆ ಚೀಲ ಹಿಡಿದು ಹೊರಡಿ. ಹೊಟ್ಟೆ ತುಂಬಾ ತಿಂಡಿ ತಿಂದೇ ಹೊರಡಿ, ಹಸಿದುಕೊಂಡು ಹೋದರೆ ಬೇಡದ್ದೆಲ್ಲ ಚೀಲಕ್ಕೆ ಬೀಳುತ್ತೆ.